ಹೊಟ್ಟೆ ಖಾಲಿ, ಸಿಟ್ಟು ಫುಲ್: ತಪಸ್ಸುಕಾಲದ ಉಪವಾಸದ ಬಗ್ಗೆ ನಿಮ್ಮ ಪ್ರಶ್ನೆಗಳು

ಬೂದಿ ಬುಧವಾರ, ಅಂದ್ರೆ ಈಸ್ಟರ್‌ಗೆ ಮುಂಚಿನ 40 ದಿನದ ತಪಸ್ಸುಕಾಲ ಶುರುವಾಗೋ ದಿನ, ಹತ್ರ ಬಂತು ಅಂದ್ರೆ ಈ ಕಾಲಂಗೆ ಬರೋ ಕಾಗದ, ವಾಟ್ಸಾಪ್ ಮೆಸೇಜು ಎಲ್ಲಾ ಊಟದ ಸುತ್ತಾನೇ ತಿರುಗ್ತವೆ. ಈ ಸಲ ಬಂದಿರೋದ್ರಲ್ಲಿ ಕೆಲವನ್ನ ಮಾತ್ರ ತಗೊಂಡಿದೀವಿ, ಕೇಳಿದವರ ಹೆಸರು ಬಿಟ್ಟು ಊರು ಹಾಕಿದೀವಿ. ಉತ್ತರ ಕೊಡ್ತಿರೋ ನಾನು ಕನ್ಯಾಸ್ತ್ರೀ, ಜೊತೆಗೆ ಆಸ್ಪತ್ರೆ ವಾರ್ಡಲ್ಲಿ ಕೆಲಸ ಮಾಡಿದ ನರ್ಸು. ಹಾಗಾಗಿ ಅರ್ಧ ಮಾತು ಚರ್ಚಿನ ಕಡೆಯಿಂದ, ಅರ್ಧ ಮಾತು ವಾರ್ಡಿನ ಕಡೆಯಿಂದ ಬರುತ್ತೆ, ಹೊಂದಿಸ್ಕೊಂಡು ಓದಿ.

ಪ್ರಶ್ನೆ: ಸಿಸ್ಟರ್, ನಮ್ಮತ್ತೆ ತಪಸ್ಸುಕಾಲ ಪೂರ್ತಿ ಮನೆಗೆ ಮೊಟ್ಟೆ ಕೂಡ ತರಬಾರದು ಅಂತಾರೆ. ಯಜಮಾನ್ರು ಶುಕ್ರವಾರ ಒಂದು ಬಿಟ್ರೆ ಎಲ್ಲಾ ತಿನ್ನಬಹುದು ಅಂತಾರೆ. 15 ವರ್ಷದ ಮಗ ಯೂಟ್ಯೂಬ್ ನೋಡ್ಕೊಂಡು ನೀರೂ ಕುಡಿಯಲ್ಲ ಅಂತ ಶುರು ಮಾಡಿದಾನೆ. ನಾನು ದಿನಾ ಮೂರು ಥರ ಅಡಿಗೆ ಮಾಡಿ ಸಾಕಾಗಿದೀನಿ. ನಿಜವಾದ ರೂಲ್ ಏನು ಹೇಳಿಬಿಡಿ. (ಶಿವಮೊಗ್ಗ)

ಉತ್ತರ: ರೂಲ್ ಜನ ಅಂದ್ಕೊಂಡಿರೋದಕ್ಕಿಂತ ತುಂಬಾ ಚಿಕ್ಕದು ಕಣಮ್ಮ. ಉಪವಾಸ ಅಂತ ಧರ್ಮಸಭೆ (ಕಥೋಲಿಕ ಚರ್ಚು) ಕಡ್ಡಾಯ ಮಾಡಿರೋದು ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತೆ ಶುಭ ಶುಕ್ರವಾರ. ಆ ಎರಡು ದಿನಾನೂ ಖಾಲಿ ಹೊಟ್ಟೇಲಿ ಬಿದ್ದಿರಿ ಅಂತ ಯಾರೂ ಹೇಳಿಲ್ಲ, ಒಂದು ಹೊತ್ತು ಹೊಟ್ಟೆ ತುಂಬಾ ಊಟ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಏನಾದ್ರೂ ತಗೋಬಹುದು, ಆರನೇ ಪೌಲ್ ಜಗದ್ಗುರುಗಳು (ಪೋಪ್) 1966ರ ಫೆಬ್ರವರಿ 17ರಂದು ಹೊರಡಿಸಿದ ಪೆನಿತೆಮಿನಿ ಅನ್ನೋ ಆದೇಶದಲ್ಲೇ ಇದು ಇದೆ. ಇದು 18 ತುಂಬಿದವರಿಗೆ ಶುರುವಾಗುತ್ತೆ, 59 ತುಂಬಿದ ಮೇಲೆ ಕಡ್ಡಾಯ ಇಲ್ಲ.

ಮಾಂಸ ಬಿಡೋದು ಬೇರೆ ಲೆಕ್ಕ. ಅದು 14 ತುಂಬಿದ ಎಲ್ಲರಿಗೂ, ಎಷ್ಟು ವಯಸ್ಸಾದ್ರೂ. ಆ ಎರಡು ದಿನದ ಜೊತೆಗೆ ಶುಕ್ರವಾರಗಳೂ ಬರ್ತವೆ, 1983ರ ಧರ್ಮಸಭೆ ಕಾನೂನಲ್ಲಿ ತಪಸ್ಸುಕಾಲದ ಶುಕ್ರವಾರ ಮಾತ್ರ ಅಲ್ಲ, ವರ್ಷದ ಎಲ್ಲಾ ಶುಕ್ರವಾರಾನೂ ಪ್ರಾಯಶ್ಚಿತ್ತದ ದಿನ ಅಂತಾನೇ ಇದೆ, ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಆದ್ರೆ ಮಾಂಸದ ಬದಲಿಗೆ ಇನ್ನೊಂದು ಆಹಾರ ಬಿಡೋದು, ಅಥವಾ ದಾನಧರ್ಮ, ಪ್ರಾರ್ಥನೆ ಅಂತ ಬದಲಾಯಿಸೋ ಅಧಿಕಾರ ಆಯಾ ದೇಶದ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿಗೆ ಇದೆ, ಅದಕ್ಕೇ ದೇಶದಿಂದ ದೇಶಕ್ಕೆ ಬೇರೆ ಬೇರೆ ಕಾಣುತ್ತೆ. ಅಮೆರಿಕದಲ್ಲಿ 1966ರಲ್ಲೇ ಉಳಿದ ಶುಕ್ರವಾರಗಳಿಗೆ ಬದಲಿ ಒಪ್ಕೊಂಡ್ರು, ಇಂಗ್ಲೆಂಡಲ್ಲಿ ಹಾಗೇ ಸಡಿಲ ಮಾಡಿದ್ದವರು 2011ರಲ್ಲಿ ಮತ್ತೆ ಮಾಂಸ ಬಿಡೋದನ್ನ ವಾಪಸ್ ತಂದ್ರು. ನಿಮಗೆ ನಿಮ್ಮ ಧರ್ಮಪ್ರಾಂತ್ಯದ ಸುತ್ತೋಲೆ ಮುಖ್ಯ, ತಪಸ್ಸುಕಾಲಕ್ಕೆ ಮುಂಚೆ ಪೂಜೆ ಮುಗಿದ ಮೇಲೆ ಅನೌನ್ಸ್‌ಮೆಂಟ್ ಟೈಮಲ್ಲಿ ಓದ್ತಾರಲ್ಲ, ಎಲ್ಲರೂ ಚಪ್ಪಲಿ ಹುಡುಕ್ತಾ ಇರ್ತಾರೆ, ಅದು.

ಮೊಟ್ಟೆ, ಹಾಲು, ತುಪ್ಪ ಇವು ಯಾವುದಕ್ಕೂ ಅಡ್ಡಿ ಇಲ್ಲ. ಹಾಗಂತ ಅತ್ತೆಯವರು ಸುಮ್ನೆ ಏನೋ ಕಟ್ಟಿ ಹೇಳ್ತಿದಾರೆ ಅಂತಲ್ಲ, 1917ರ ಹಳೇ ಕಾನೂನಲ್ಲಿ ಭಾನುವಾರ ಬಿಟ್ಟು ತಪಸ್ಸುಕಾಲದ ಎಲ್ಲಾ ದಿನಾನೂ ಉಪವಾಸವೇ ಇತ್ತು, ಅದಕ್ಕೂ ಹಿಂದೆ ಮಧ್ಯಯುಗದಲ್ಲಿ ಮೊಟ್ಟೆ ಹಾಲೂ ಬಿಡ್ತಿದ್ರು. ಅವರು ಅವರಮ್ಮನ ಹತ್ರ ಕಲ್ತಿದ್ದು ಅವರು ಮಾಡ್ತಾರೆ, ಮಾಡ್ಲಿ, ಒಳ್ಳೇದೇ. ಅವರ ವ್ರತ ಬೆಳೆಯೋ ಹುಡುಗನ ತಟ್ಟೆಗೆ ಬರೋದು ಬೇಡ ಅಷ್ಟೇ. ಹುಡುಗನಿಗೆ 15 ಅಂದ್ರಿ, ಅವನಿಗೆ ಮಾಂಸ ಬಿಡೋ ನಿಯಮ ಇದೆ, ಉಪವಾಸ ಇಲ್ಲ. ನೀರು ಕುಡೀಬಾರದು ಅನ್ನೋದು ಯಾರಿಗೂ ಇಲ್ಲ, ಯಾವ ವಯಸ್ಸಲ್ಲೂ ಇಲ್ಲ.

ಈಗ ಆ ಮೂರು ಅಡಿಗೆ ವಿಷಯ. ವ್ರತ ಮೂರು ಜನದ್ದು, ಒಲೆ ಮುಂದೆ ನಿಂತಿರೋದು ಒಬ್ಬಳು, ಅವಳು ಯಾವಾಗ ಊಟ ಮಾಡಿದ್ಲು ಅಂತ ಯಾರೂ ಕೇಳಿಲ್ಲ. ಇದು ನನಗೆ ಸರಿ ಕಾಣಲ್ಲ. ಬುಧವಾರ, ಶುಕ್ರವಾರ ಮನೆಗೆಲ್ಲಾ ಒಂದೇ ಸಾರು ಮಾಡಿ, ಹುರುಳಿಕಾಳೋ ಸೊಪ್ಪೋ ಏನಿದ್ಯೋ ಅದು, ಬೇಡ ಅಂದವರು ಅನ್ನ ಮಜ್ಜಿಗೆ ಹಾಕ್ಕೊಳ್ಳಲಿ. ಅಸಿಸ್ಸಿಯ ಸಂತ ಫ್ರಾನ್ಸಿಸರ ಬಗ್ಗೆ ಒಂದು ಕಥೆ ಇದೆ. ಅವರ ಜೊತೆಗಿದ್ದ ಒಬ್ಬ ಬ್ರದರ್ ವಿಪರೀತ ಉಪವಾಸ ಮಾಡಿ ಮಧ್ಯರಾತ್ರಿ ಸಾಯ್ತೀನಿ ಸಾಯ್ತೀನಿ ಅಂತ ಕೂಗ್ಕೊಂಡ. ಏನಾಯ್ತಪ್ಪ ಅಂದ್ರೆ ಹಸಿವು ಅಂದ. ಫ್ರಾನ್ಸಿಸ್ ಎದ್ದು ಊಟಕ್ಕೆ ರೆಡಿ ಮಾಡಿಸಿ, ಅವನೊಬ್ಬನೇ ತಿಂದ್ರೆ ನಾಚ್ಕೋತಾನೆ ಅಂತ ತಾವೂ ಜೊತೇಲಿ ಕೂತು ತಿಂದ್ರು, ಉಳಿದ ಬ್ರದರ್‌ಗಳನ್ನೂ ಎಬ್ಬಿಸಿ ಕೂರಿಸಿದ್ರು. ಅಷ್ಟು ಕಠಿಣ ಉಪವಾಸ ಮಾಡ್ತಿದ್ದ ಮನುಷ್ಯ, ರಾತ್ರಿ ಹೊತ್ತಲ್ಲಿ ತಟ್ಟೆ ಮುಂದೆ ಕೂತ್ಕೊಂಡ್ರು. ಅತ್ತೆಯವರಿಗೆ ಇದನ್ನ ಓದಿ ಹೇಳಿ, ನಾನು ಹೇಳ್ದೆ ಅಂತಾನೂ ಹೇಳಿ.

ಪ್ರಶ್ನೆ: ನನಗೆ 62 ವರ್ಷ ಸಿಸ್ಟರ್, ಶುಗರ್ ಇದೆ. ಬೆಳಿಗ್ಗೆ ಗ್ಲಿಮಿಪಿರೈಡ್ ಮಾತ್ರೆ, ರಾತ್ರಿ ಇನ್ಸುಲಿನ್. ಹೋದ ಶುಭ ಶುಕ್ರವಾರ ಶಿಲುಬೆ ಹಾದಿಯ (ಯೇಸುವಿನ ಕಷ್ಟ ನೆನೀತಾ ಒಂದೊಂದು ಕಡೆ ನಿಂತು ಮಾಡೋ ಪ್ರಾರ್ಥನೆ) ಒಂಬತ್ತನೇ ಸ್ಥಳದ ಹತ್ರ ಮೈಯೆಲ್ಲಾ ಬೆವರಿ ಕೂತುಬಿಟ್ಟೆ, ಯಾರೋ ಜ್ಯೂಸ್ ಕೊಡಕ್ಕೆ ಬಂದ್ರು, ಉಪವಾಸ ಅಂತ ಬೇಡ ಅಂದೆ. ಆಮೇಲೆ ಮಗಳು ತುಂಬಾ ಬೈದಳು. ನಾನು ಮಾಡಿದ್ದು ತಪ್ಪಾ? (ಹಾಸನ)

ಉತ್ತರ: ಮಗಳು ಬೈದಿದ್ದು ಕಮ್ಮಿ ಆಯ್ತು ಅನ್ಸುತ್ತೆ. ಅಣ್ಣಾ, ಮೊದಲನೇದಾಗಿ ನಿಮಗೆ 62, ಉಪವಾಸದ ಕಟ್ಟಳೆ ನಿಮ್ಮನ್ನ ಮುಟ್ಟೋದೇ ಇಲ್ಲ. 40 ವರ್ಷದವರಾಗಿದ್ರೂ ಇಷ್ಟು ಶುಗರ್ ಇರೋರಿಗೆ ವಿನಾಯಿತಿ ಇದ್ದೇ ಇದೆ, ರೋಗಿಗಳು, ಬಸುರಿಯರು, ಹಾಲುಣಿಸೋ ತಾಯಂದಿರು ಇವರ ಮೇಲೆ ಈ ಭಾರ ಇಲ್ಲ. 13ನೇ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಮಕ್ಕಳು, ಹೊಟ್ಟೆಗಿಲ್ಲದ ಬಡವರು, ತಪ್ಪಿಸ್ಕೊಳ್ಳಕ್ಕಾಗದ ಕೆಲಸ ಮಾಡೋ ಕೂಲಿಯವರು ಇವರನ್ನೆಲ್ಲಾ ಉಪವಾಸದಿಂದ ಹೊರಗಿಟ್ಟು ಬರೆದಿದಾರೆ.

ಈಗ ವಾರ್ಡಿನ ಮಾತು. ಗ್ಲಿಮಿಪಿರೈಡ್ ಏನು ಮಾಡುತ್ತೆ ಅಂದ್ರೆ, ನೀವು ತಿಂಡಿ ತಿಂದ್ರೂ ತಿನ್ನದಿದ್ರೂ ಮೈಯೊಳಗಿನ ಇನ್ಸುಲಿನ್ ಜಾಸ್ತಿ ಮಾಡಿಸುತ್ತೆ, ಅದರ ಮೇಲೆ ರಾತ್ರಿ ಚುಚ್ಚಿಕೊಂಡ ಇನ್ಸುಲಿನ್ ಇನ್ನೂ ಇರುತ್ತೆ. ಮಾತ್ರೆ ನುಂಗಿ ತಿಂಡಿ ಬಿಟ್ರೆ ಶುಗರ್ ಇಳೀತಾ ಹೋಗುತ್ತೆ, 70ಕ್ಕಿಂತ ಕೆಳಗೆ ಬಂದ್ರೆ ಅದು ಲೋ ಶುಗರ್. ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ಅಂಗಿ ಒದ್ದೆ ಆಗೋಷ್ಟು ಬೆವರು, ಕಣ್ಣು ಮಂಜು, ಕೆಲವರು ಸುಮ್ಸುಮ್ನೆ ರೇಗಾಡ್ತಾರೆ, ಅಲ್ಲಿಗೂ ಏನೂ ಮಾಡದಿದ್ರೆ ಪ್ರಜ್ಞೆ ತಪ್ಪುತ್ತೆ. ನಿಮಗೆ ಆಗಿದ್ದು ಭಕ್ತಿಯ ಬೆವರಲ್ಲ. ಆ ಹೊತ್ತಲ್ಲಿ ಮೂರು ಟೀ ಸ್ಪೂನ್ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡೀಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡ್ಬೇಕು, ಏರಿಲ್ಲ ಅಂದ್ರೆ ಇನ್ನೊಂದು ಸಲ, ಸರಿಹೋದ ಮೇಲೆ ಊಟ ಮಾಡ್ಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ. ಇದನ್ನ ಓದೋ ಬೇರೆಯವರೂ ಶಿಲುಬೆ ಹಾದಿಗೆ ಹೋಗುವಾಗ ಜೇಬಲ್ಲಿ ಗ್ಲೂಕೋಸ್ ಪ್ಯಾಕೆಟ್ ಇಟ್ಕೊಳ್ಳಿ, ಜಪಸರದ ಪಕ್ಕದಲ್ಲೇ ಇರ್ಲಿ. ಮತ್ತೆ ಸಿಸ್ಟರ್ ಹೀಗಂದ್ರು ಅಂತ ಮಾತ್ರೆ ಬಿಟ್ಟು ಉಪವಾಸ ಮಾಡೋದೂ ಬೇಡ, ಡೋಸ್ ಹೆಚ್ಚು ಕಮ್ಮಿ ಮಾಡೋದು ನಿಮ್ಮ ಡಾಕ್ಟರ ಕೆಲಸ.

ಹಾಗಾದ್ರೆ ನಾನೇನು ಮಾಡ್ಲಿ ಅಂತೀರ. ಮಾಂಸ ಬಿಡೋದು ನಿಮಗೆ ಕಷ್ಟ ಇಲ್ಲ, ಅದನ್ನ ಮಾಡಿ. ಹೊತ್ತಿಗೆ ಸರಿಯಾಗಿ ಊಟ, ಆದ್ರೆ ಸಪ್ಪೆ ಊಟ, ಉಪ್ಪಿನಕಾಯಿ ಹಪ್ಪಳ ಬಿಟ್ಟು. ಬೇಕಿದ್ರೆ ಟಿವಿ ಬಿಡಿ. ಶುಗರ್ ಇರೋರು ಬಂದು ಈ ಸಲ ಸ್ವೀಟ್ ಬಿಡ್ತೀನಿ ಸಿಸ್ಟರ್ ಅಂತ ದೊಡ್ಡದಾಗಿ ಹೇಳ್ತಾರೆ, ನನಗೆ ನಗು ಬರುತ್ತೆ, ಅದು ಹೇಗೂ ಬಿಡಬೇಕಾಗಿರೋದೇ ಅಲ್ವಾ, ಆದ್ರೂ ಬಿಟ್ರೆ ಸಾಕು ದೇವರೇ ಅಂತ ಸುಮ್ನಾಗ್ತೀನಿ. ಪರಮಪ್ರಸಾದಕ್ಕೆ (ಪೂಜೇಲಿ ಕೊಡೋ ಕಮ್ಯೂನಿಯನ್) ಮುಂಚಿನ ಒಂದು ಗಂಟೆ ಉಪವಾಸಾನೂ ವಯಸ್ಸಾದವರಿಗೆ, ರೋಗಿಗಳಿಗೆ, ಅವರನ್ನ ನೋಡ್ಕೊಳ್ಳೋರಿಗೆ ಕಡ್ಡಾಯ ಇಲ್ಲ, ಕಾನೂನಲ್ಲೇ ಬರೆದಿದೆ. ಹಾಗಾಗಿ ಬೆಳಿಗ್ಗೆ ಏಳರ ಪೂಜೆಗೆ ತಿಂಡಿ ತಿಂದೇ ಬನ್ನಿ.

ಪ್ರಶ್ನೆ: ಶುಕ್ರವಾರ ಮಾಂಸ ಇಲ್ಲ ಅಂತ ನಮ್ಮನೇಲಿ ಅಂಜಲ್ ಫ್ರೈ, ಸಿಗಡಿ ಗಸಿ, ಒಂದೊಂದು ಸಲ ಏಡಿ ಸುಕ್ಕ. ಚಿಕನ್ ತಂದಿದ್ರೇ ಖರ್ಚು ಕಮ್ಮಿ ಆಗ್ತಿತ್ತು. ಇದನ್ನ ವರ್ಜನೆ ಅಂತಾರಾ? (ಉಡುಪಿ)

ಉತ್ತರ: ಅಂತಾರೆ, ಕಾನೂನು ಪ್ರಕಾರ. ನಿಯಮ ಹೇಳೋದು ನೆಲದ ಮೇಲಿನ ಪ್ರಾಣಿ ಪಕ್ಷಿಗಳ ಮಾಂಸದ ಬಗ್ಗೆ, ಮೀನು ಸಿಗಡಿ ಏಡಿ ಅದರಲ್ಲಿ ಬರಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ಮೊಸಳೆ ಜಾತಿಯ ಅಲಿಗೇಟರ್ ತಿಂತಾರಂತೆ, ಅದು ಶುಕ್ರವಾರ ನಡೆಯುತ್ತಾ ಅಂತ ಒಬ್ಬರು ಅಲ್ಲಿನ ಮಹಾಧರ್ಮಾಧ್ಯಕ್ಷರಿಗೇ ಬರೆದು ಕೇಳಿದ್ರು, 2010ರಲ್ಲಿ ಅವರು ಅದು ಮೀನಿನ ಲೆಕ್ಕಕ್ಕೇ ಬರುತ್ತೆ ಅಂತ ಉತ್ತರಾನೂ ಕೊಟ್ರು. ಮಲ್ಪೆ ಬಂದರಿನ ಪಕ್ಕದಲ್ಲಿರೋ ನಿಮ್ಮದು ಅದಕ್ಕಿಂತ ಸುಲಭದ ಕೇಸು.

ಆದ್ರೆ ನಿಮ್ಮ ಪ್ರಶ್ನೇಲೇ ಉತ್ತರ ಇದೆ. ಕರಾವಳಿಯವರಿಗೆ ಮೀನು ಬಿಡೋದೇ ಕಷ್ಟ, ಮಾಂಸ ಬಿಡೋದಲ್ಲ. ದಿನಾ ತಿನ್ನೋ ಬಂಗುಡೆ ಬೂತಾಯಿ ಮಾಡಿದ್ರೆ ನಾನು ಏನೂ ಅನ್ನಲ್ಲ, ಶುಕ್ರವಾರಕ್ಕೆ ಅಂತಾನೇ ಹುಡುಕ್ಕೊಂಡು ಹೋಗಿ ಅಂಜಲ್ ತಂದು ತವಾಗೆ ಹಾಕಿದ್ರೆ ಅದು ಪಾಪ ಅಲ್ಲ, ಶುಕ್ರವಾರಾನೂ ಅಲ್ಲ. ಮೊಂತಿ ಹಬ್ಬದ ದಿನ ಸೆಪ್ಟೆಂಬರ್ 8ಕ್ಕೆ ನಿಮ್ಮ ಕಡೆ ಹೊಸ ತೆನೆ ಊಟ ಮಾಡ್ತೀರಲ್ಲ, ಅದು ಪೂರ್ತಿ ಸಸ್ಯಾಹಾರ, ಬಾಳೆ ಎಲೆ ಮೇಲೆ, ಯಾರೂ ಗೊಣಗಲ್ಲ. ತಿಂಗಳಿಗೆ ಒಂದು ಶುಕ್ರವಾರ ಆ ಊಟದ ಪಲ್ಯ ಸಾಂಬಾರ್ ಮಾಡಿ, ಅಂಜಲ್ ದುಡ್ಡು ಉಳಿಯುತ್ತಲ್ಲ ಅದನ್ನ ಡಬ್ಬಿಗೆ ಹಾಕಿ. ಎರಡನೇ ಶತಮಾನದ ಕ್ರೈಸ್ತರೇ ಹೀಗೆ ಮಾಡ್ತಿದ್ರು, ಉಪವಾಸದ ದಿನ ತಿನ್ನದೆ ಉಳಿದ ಊಟದ ಬೆಲೆ ಲೆಕ್ಕ ಹಾಕಿ ವಿಧವೆಗೋ ಅನಾಥರಿಗೋ ಕೊಡಿ ಅಂತ ಆ ಕಾಲದ ಬರಹದಲ್ಲೇ ಇದೆ. ಈಗ ನಮಗೆ ಚರ್ಚಿನ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾದ ತಪಸ್ಸುಕಾಲದ ಕಲೆಕ್ಷನ್ ಇದೆ, ಅದೂ ಬೇಡ ಅಂದ್ರೆ ನಿಮ್ಮ ಬೀದಿಯಲ್ಲೇ ಯಾರಾದ್ರೂ ಇರ್ತಾರೆ.

ಪ್ರಶ್ನೆ: ಯುಗಾದಿ ಮಾರನೇ ದಿನ ಹೊಸತೊಡಕು ಶುಕ್ರವಾರ ಬಂದ್ರೆ ಪಕ್ಕದ ಮನೆಯವರು ಕರೀತಾರೆ, ಮಟನ್ ಸಾರು ಮುದ್ದೆ. ಹೋಗದಿದ್ರೆ ಬೇಜಾರು ಮಾಡ್ಕೋತಾರೆ. ಆಫೀಸಲ್ಲಿ ಟೀಮ್ ಲಂಚ್ ಕೂಡ ಶುಕ್ರವಾರವೇ ಇಡ್ತಾರೆ, ಬಿರಿಯಾನಿ. ಒಬ್ಬನೇ ಕರ್ಡ್ ರೈಸ್ ತಿನ್ನಕ್ಕೆ ಮುಜುಗರ. ಏನ್ಮಾಡ್ಲಿ? (ಬೆಂಗಳೂರು)

ಉತ್ತರ: ನೋಡಪ್ಪ, ಯುಗಾದಿ ಹೆಚ್ಚಾಗಿ ತಪಸ್ಸುಕಾಲದಲ್ಲೇ ಬರುತ್ತೆ, ಹಾಗಾಗಿ ಇದು ನಿನ್ನೊಬ್ಬನ ಕಷ್ಟ ಅಲ್ಲ. ಆದ್ರೆ ನಮ್ಮ ನಾಡಲ್ಲಿ ವ್ರತ ಅಂದ್ರೆ ಅರ್ಥ ಮಾಡ್ಕೊಳ್ಳದವರು ಯಾರಿದಾರೆ ಹೇಳು? ಅದೇ ಪಕ್ಕದ ಮನೆಯವರು ಸೋಮವಾರ ತಿನ್ನಲ್ಲ, ಶನಿವಾರ ತಿನ್ನಲ್ಲ, ಶ್ರಾವಣ ಪೂರ್ತಿ ಮುಟ್ಟಲ್ಲ, ಇವತ್ತು ನಮಗೆ ಶುಕ್ರವಾರ ಆಂಟಿ ಅಂದ್ರೆ ಅವರಿಗೆ ವಿವರಣೆನೇ ಬೇಡ, ನಿನ್ನೆ ಉಳಿದ ಒಬ್ಬಟ್ಟು ಹಾಕಿ ಕೂರಿಸ್ತಾರೆ. ಮಟನ್ ಸಾರು ನಾಳೆಗೆ ಒಂದು ಬಾಕ್ಸಲ್ಲಿ ಇಟ್ಟಿರಿ ಅಂತ ಕೇಳು, ಮಾರನೇ ದಿನದ ಸಾರು ಇನ್ನೂ ರುಚಿ. ಹೋಗದೇ ಇರೋದು ಮಾತ್ರ ಬೇಡ, ಕರೆದ ಮನೆಗೆ ಹೋಗ್ಬೇಕು.

ನಿಜವಾಗ್ಲೂ ಇಕ್ಕಟ್ಟಿದ್ರೆ, ಮನೇಲಿ ಮದುವೆ ಮಾತುಕತೆ, ದೂರದಿಂದ ಬಂದ ನೆಂಟರು ಅಂತೆಲ್ಲಾ, ನಿಮ್ಮ ಧರ್ಮಕೇಂದ್ರದ ಫಾದರ್‌ಗೆ ಒಂದು ಫೋನ್ ಮಾಡು, ಅಂಥ ಸಂದರ್ಭದಲ್ಲಿ ವಿನಾಯಿತಿ ಕೊಡೋ ಅಥವಾ ಇನ್ನೊಂದು ಪುಣ್ಯಕಾರ್ಯಕ್ಕೆ ಬದಲಾಯಿಸೋ ಅಧಿಕಾರ ಅವರಿಗೆ ಇದೆ. ಮಹೋತ್ಸವ, ಅಂದ್ರೆ ಚರ್ಚ್ ಕ್ಯಾಲೆಂಡರಿನ ದೊಡ್ಡ ಹಬ್ಬ, ಶುಕ್ರವಾರ ಬಿದ್ರೆ ವರ್ಜನೆ ತಾನಾಗೇ ಇರಲ್ಲ, 2021ರಲ್ಲಿ ಮಾರ್ಚ್ 19ರ ಸಂತ ಜೋಸೆಫರ ಹಬ್ಬ ಶುಕ್ರವಾರ ಬಂದಿತ್ತು, 2022ರಲ್ಲಿ ಮಾರ್ಚ್ 25ರ ಮಂಗಳವಾರ್ತೆ ಹಬ್ಬಾನೂ ಶುಕ್ರವಾರವೇ, ಆ ಎರಡು ದಿನಾನೂ ಮಾಂಸ ತಿನ್ನಬಹುದಿತ್ತು. ಆದ್ರೆ ಹೊಸತೊಡಕು ನಮ್ಮ ಕ್ಯಾಲೆಂಡರಿನ ಮಹೋತ್ಸವ ಅಲ್ಲ ಕಣೋ.

ಟೀಮ್ ಲಂಚಿಗೆ ಇಷ್ಟು ಯೋಚನೆ ಬೇಡ. ವೆಜ್ ಬಿರಿಯಾನಿ ಆರ್ಡರ್ ಮಾಡು, ಯಾಕೆ ಅಂತ ಕೇಳಿದ್ರೆ ಹೇಳು, ಕೇಳದಿದ್ರೆ ಸುಮ್ನಿರು. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳ್ಕೊಳ್ಳಿ, ಜನಕ್ಕೆ ತೋರಿಸಬೇಡಿ ಅಂತ ಪ್ರಭು ಯೇಸು ಹೇಳಿರೋದು ಮತ್ತಾಯನ ಸುಸಂದೇಶದ ಆರನೇ ಅಧ್ಯಾಯದಲ್ಲಿದೆ, ವಾಟ್ಸಾಪ್ ಸ್ಟೇಟಸ್ಸಿಗೆ ಡೇ 12 ನೋ ಮೀಟ್ ಅಂತ ಹಾಕೋರು ಅದನ್ನ ಒಂದ್ಸಲ ಓದಬೇಕು.

ಪ್ರಶ್ನೆ: ನಾವು ಕುವೈತಲ್ಲಿದೀವಿ. ಇಲ್ಲಿ ಶುಕ್ರವಾರ ರಜೆ, ಭಾನುವಾರದ ಪೂಜೆಯನ್ನೇ ಶುಕ್ರವಾರ ಮಾಡ್ತಾರೆ, ಫ್ರೆಂಡ್ಸ್ ಎಲ್ಲಾ ಸೇರೋದೂ ಅವತ್ತೇ. ನಮಗೆ ಶುಕ್ರವಾರದ ನಿಯಮ ಹೇಗೆ?

ಉತ್ತರ: ಪೂಜೆ ಶುಕ್ರವಾರಕ್ಕೆ ಬಂತು ಅಂತ ಶುಕ್ರವಾರ ಭಾನುವಾರ ಆಗಲ್ಲ. ಅಲ್ಲಿನ ವಿಕಾರಿಯೇಟಿನ ಧರ್ಮಾಧ್ಯಕ್ಷರು ತಪಸ್ಸುಕಾಲಕ್ಕೆ ಏನು ಹೇಳಿದಾರೋ ಅದೇ ನಿಮಗೆ ನಿಯಮ, ಊರಲ್ಲಿ ಅಮ್ಮ ಫೋನಲ್ಲಿ ಹೇಳಿದ್ದಲ್ಲ. ಚರ್ಚ್ ಆಫೀಸಲ್ಲಿ ಕೇಳಿದ್ರೆ ಎರಡು ನಿಮಿಷದ ಕೆಲಸ. ಫ್ರೆಂಡ್ಸ್ ಸೇರೋದು ಬಿಡಬೇಡಿ, ಮೆನು ಬದಲಾಯಿಸಿ.

ಪ್ರಶ್ನೆ: ನನ್ನ ಮಗಳಿಗೆ 19, ಹಾಸ್ಟೆಲಲ್ಲಿ ಓದ್ತಾಳೆ. ಮೊದಲಿಂದಲೂ ಭಕ್ತಿ ಜಾಸ್ತಿ. ಕ್ರಿಸ್‌ಮಸ್ ಆದಾಗಿಂದಲೇ ರಾತ್ರಿ ಊಟ ಬಿಟ್ಟಿದಾಳೆ, ಈಗ ತಪಸ್ಸುಕಾಲ ಪೂರ್ತಿ ಬ್ರೆಡ್ಡು ನೀರಲ್ಲೇ ಇರ್ತೀನಿ ಅಂತಾಳೆ. ತುಂಬಾ ಸಣ್ಣಗಾಗಿದಾಳೆ. ಬೇಡ ಅಂದ್ರೆ ಸಂತರು ಮಾಡಿಲ್ವಾ ಅಂತ ಕೇಳ್ತಾಳೆ, ನನಗೆ ಉತ್ತರ ಗೊತ್ತಿಲ್ಲ. (ಮಂಗಳೂರು)

ಉತ್ತರ: ಈ ಕಾಗದಕ್ಕೆ ನೇರವಾಗಿ ಫೋನಲ್ಲೂ ಮಾತಾಡಿದೀನಿ, ಆದ್ರೂ ಇಲ್ಲಿ ಬರೀತೀನಿ, ಇದು ಒಂದೇ ಮನೆಯ ಕಥೆ ಅಲ್ಲ.

ಸಂತರು ಮಾಡಿದಾರೆ, ನಿಜ. ಮಾಡಿ ಏನಾಯ್ತು ಅನ್ನೋದನ್ನೂ ಅವರೇ ಹೇಳಿದಾರೆ, ಅದನ್ನ ಯಾರೂ ಓದಲ್ಲ. ಲೊಯೋಲದ ಸಂತ ಇಗ್ನೇಷಿಯಸರು 1522ರಲ್ಲಿ ಮನ್ರೇಸಾ ಅನ್ನೋ ಊರಲ್ಲಿ ಹುಚ್ಚು ಉಪವಾಸ ಮಾಡಿದ್ರು, ಆಮೇಲೆ ಜೀವನ ಪೂರ್ತಿ ಹೊಟ್ಟೆನೋವು. ಅದೇ ಮನುಷ್ಯ 1548ರಲ್ಲಿ ಫ್ರಾನ್ಸಿಸ್ ಬೋರ್ಜಿಯಾಗೆ, ಅಂದ್ರೆ ಆಗ ಗಾಂಡಿಯಾದ ಡ್ಯೂಕ್ ಆಗಿದ್ದವರಿಗೆ, ಕಾಗದ ಬರೆದು ನಿನ್ನ ಉಪವಾಸ ಕಮ್ಮಿ ಮಾಡು, ಹೊಟ್ಟೆ ಸರಿಮಾಡ್ಕೋ, ಮೈಯೂ ದೇವರದ್ದೇ, ಅದರ ಲೆಕ್ಕಾನೂ ಕೊಡಬೇಕಾಗುತ್ತೆ ಅನ್ನೋ ಅರ್ಥದಲ್ಲಿ ಬುದ್ಧಿ ಹೇಳಿದ್ರು. ಸಂತ ಫ್ರಾನ್ಸಿಸ್ ದೆ ಸಾಲ್ಸ್ 1609ರಲ್ಲಿ ಬಂದ ತಮ್ಮ ಭಕ್ತಿ ಜೀವನದ ಪುಸ್ತಕದಲ್ಲಿ ಜಿಂಕೆ ತುಂಬಾ ದಪ್ಪ ಆದ್ರೂ ಓಡಲ್ಲ, ತುಂಬಾ ಬಡಕಲಾದ್ರೂ ಓಡಲ್ಲ ಅಂತಾರೆ. ಅದಕ್ಕೂ ಸಾವಿರ ವರ್ಷ ಹಿಂದೆ ಕಾಸಿಯನ್ ಅನ್ನೋ ಸನ್ಯಾಸಿ ಮರುಭೂಮಿಯ ತಪಸ್ವಿಗಳ ಮಾತು ಬರೆದಿಟ್ಟಿದಾರೆ, ಹೊಟ್ಟೆಬಾಕತನ ಬೀಳಿಸಕ್ಕಾಗದವರನ್ನೂ ಅತಿ ಉಪವಾಸ ಬೀಳಿಸಿದೆ ಅಂತ. ಇವೆಲ್ಲಾ ಸಡಿಲ ಜನ ಹೇಳಿದ ಮಾತಲ್ಲ. ಮಗಳು ಸಂತರನ್ನ ಕೇಳ್ತಾಳಲ್ಲ, ಇವರನ್ನ ಕೊಡಿ.

ಇನ್ನೊಂದು ವಿಷಯ ಅವಳನ್ನ ಮೆಲ್ಲಗೆ ಕೇಳಿ. ಈ ವ್ರತ ಯಾರಿಗೆ ಹೇಳಿ ಶುರು ಮಾಡಿದ್ದು? ಪಾಪ ನಿವೇದನೆ ಕೇಳೋ ಫಾದರ್‌ಗೆ ಗೊತ್ತಾ? ಕಟ್ಟಳೆಗಿಂತ ಜಾಸ್ತಿ ಮಾಡ್ಬೇಕು ಅನ್ನಿಸಿದ್ರೆ ಯಾರದ್ದಾದ್ರೂ ಒಪ್ಪಿಗೆ ತಗೊಂಡು ಮಾಡೋದು ಹಳೇ ಪದ್ಧತಿ, ನಮ್ಮ ಮಠದಲ್ಲಿ ಈಗ್ಲೂ ಹಾಗೇ, ಮದರ್ ಬೇಡ ಅಂದ್ರೆ ಬೇಡ. ಒಪ್ಪಿಗೆ ಕೇಳಕ್ಕೇ ಹೆದರೋ ಉಪವಾಸ ನನಗೆ ಯಾವಾಗ್ಲೂ ಅನುಮಾನ. ಭಾನುವಾರ ಏನು ಮಾಡ್ತಾಳೆ ನೋಡಿ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ, ಆರು ಭಾನುವಾರ ಕಳೆದ್ರೆ 40, ಅಂದ್ರೆ ಭಾನುವಾರ ಲೆಕ್ಕದಲ್ಲೇ ಇಲ್ಲ, ಅವತ್ತು ಊಟ ಮಾಡೋದೇ ಸರಿ. ಭಾನುವಾರವೂ ತಿನ್ನಕ್ಕಾಗಲ್ಲ, ಹಬ್ಬದ ದಿನ ಎಲ್ಲರ ಜೊತೆ ಕೂತು ಪಾಯಸ ತಿನ್ನಕ್ಕೆ ಭಯ, ತೂಕ ದಿನಾ ನೋಡ್ಕೋತಾಳೆ, ಮುಟ್ಟು ನಿಂತಿದೆ, ತಲೆಕೂದಲು ಉದುರ್ತಿದೆ, ಯಾವಾಗ್ಲೂ ಚಳಿ ಅಂತಾಳೆ, ಇದರಲ್ಲಿ ಕೆಲವು ಹೌದು ಅಂದ್ರೆ ಇದು ತಪಸ್ಸಿನ ವಿಷಯ ಅಲ್ಲ, ಊಟಕ್ಕೆ ಸಂಬಂಧಪಟ್ಟ ಕಾಯಿಲೆ ಇರಬಹುದು. ತಡ ಮಾಡದೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಮನಸ್ಸಿನ ಡಾಕ್ಟರನ್ನೂ ನೋಡ್ಬೇಕಾಗಬಹುದು, ಅದರಲ್ಲಿ ನಾಚಿಕೆ ಪಡೋ ಅಂಥದ್ದು ಏನೂ ಇಲ್ಲ. ಬೈಬೇಡಿ, ತಟ್ಟೆ ಮುಂದೆ ಜಗಳ ಬೇಡ, ತೂಕದ ಬಗ್ಗೆ ನೆಂಟರ ಮುಂದೆ ಮಾತು ಬೇಡ. ಫಾದರ್‌ಗೂ ಮುಂಚೇನೇ ವಿಷಯ ತಿಳಿಸಿ, ಈ ತಪಸ್ಸುಕಾಲ ನೀನು ಮೂರು ಹೊತ್ತು ಊಟ ಮಾಡೋದೇ ನಿನ್ನ ವ್ರತ ಅಂತ ಅವರ ಬಾಯಲ್ಲಿ ಕೇಳಿದ್ರೆ ಅವಳಿಗೆ ಸಮಾಧಾನ ಆಗಬಹುದು.

ಪ್ರಶ್ನೆ: ನಮ್ಮೆಜಮಾನ್ರು ದಿನಾ ಕುಡೀತಾರೆ. ಪ್ರತಿ ತಪಸ್ಸುಕಾಲ ಬೂದಿ ಹಚ್ಚಿಸ್ಕೊಂಡು ಬಂದು ಒಂದೇ ಏಟಿಗೆ ಬಿಟ್ಟುಬಿಡ್ತಾರೆ. ಮೊದಲ ಎರಡು ಮೂರು ದಿನ ಕೈ ನಡುಕ, ನಿದ್ದೆ ಇಲ್ಲ, ಹೋದ ಸಲ ಫಿಟ್ಸ್ ಥರ ಬಂತು. ಈಸ್ಟರ್ ದಿನ ಬೆಳಿಗ್ಗೆಯಿಂದಲೇ ಮತ್ತೆ ಶುರು. ಬಿಡೋದು ಒಳ್ಳೇದಲ್ವಾ ಅಂತ ಎಲ್ಲರೂ ಹೇಳ್ತಾರೆ. (ಊರು ಬೇಡ)

ಉತ್ತರ: ಬಿಡೋದು ಒಳ್ಳೇದು, ಹೀಗೆ ಬಿಡೋದು ಅಪಾಯ. ದಿನಾ ಜಾಸ್ತಿ ಕುಡಿಯೋರ ಮೈ ಅದಕ್ಕೆ ಒಗ್ಗಿ ಹೋಗಿರುತ್ತೆ, ಒಂದೇ ಸಲಕ್ಕೆ ನಿಲ್ಲಿಸಿದ್ರೆ ಕೆಲವೇ ಗಂಟೆಯಲ್ಲಿ ನಡುಕ, ಬೆವರು, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದವರು ಇದ್ದಂಗೆ ಕಾಣೋದು, ಏನೇನೋ ಮಾತಾಡೋದು. ಅದರಲ್ಲಿ ಜೀವ ಹೋಗಿರೋದು ಉಂಟು. ಒಂದು ಸಲ ಫಿಟ್ಸ್ ಬಂದಿದೆ ಅಂದ್ಮೇಲೆ ಈ ಸಲ ಮನೇಲಿ ಬಿಡಿಸಕ್ಕೆ ಹೋಗಲೇಬೇಡಿ. ಬೂದಿ ಬುಧವಾರಕ್ಕೆ ಮುಂಚೆನೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಜಿಲ್ಲಾ ಆಸ್ಪತ್ರೇಲಿ ಮನೋವೈದ್ಯರು ಇರ್ತಾರೆ, ಬೆಂಗಳೂರಿನ ನಿಮ್ಹಾನ್ಸಲ್ಲಿ ಕುಡಿತ ಬಿಡಿಸೋಕೆ ಅಂತಾನೇ ವಿಭಾಗ ಇದೆ. ಕೆಲವು ದಿನ ಮಾತ್ರೆ ಕೊಟ್ಟು, ವಿಟಮಿನ್ ಕೊಟ್ಟು ನಿಧಾನಕ್ಕೆ ಇಳಿಸ್ತಾರೆ. ಆಮೇಲೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು) ಮೀಟಿಂಗು, ಎಷ್ಟೋ ಕಡೆ ಚರ್ಚ್ ಹಾಲಲ್ಲೇ ನಡೆಯುತ್ತೆ.

ಅವರ ಮನಸ್ಸು ಚೆನ್ನಾಗಿದೆ ಕಣಮ್ಮ, ದೇವರಿಗೋಸ್ಕರ 40 ದಿನ ಬಿಡೋ ಶಕ್ತಿ ಇರೋ ಮನುಷ್ಯ. ಅದನ್ನ ಅವರಿಗೆ ಹೇಳಿ, ಆದ್ರೆ ಈಸ್ಟರನ್ನ ಗಡುವು ಅಂತ ಇಟ್ಕೊಳ್ಳೋದು ಬೇಡ. ಕುಡಿತ ಅಭ್ಯಾಸ ಆಗಿರೋರಿಗೆ ಇದು ವ್ರತ ಅಲ್ಲ, ಟ್ರೀಟ್‌ಮೆಂಟು.

ಇನ್ನು ಚಿಕ್ಕ ಚಿಕ್ಕ ಪ್ರಶ್ನೆಗಳು, ಬಂದ ಹಾಗೇ.

ಚರ್ಚಿಗೆ ಹೊರಡೋ ಮುಂಚೆ ಕಾಫಿ ಕುಡಿದ್ರೆ ಪರಮಪ್ರಸಾದ ತಗೋಬಹುದಾ? ಕಾಫಿ ಮುಗಿಸಿದ ಹೊತ್ತಿಂದ ಪ್ರಸಾದ ಸ್ವೀಕರಿಸೋ ಹೊತ್ತಿಗೆ ಒಂದು ಗಂಟೆ ಆಗಿರಬೇಕು, ಪೂಜೆ ಶುರುವಾಗೋ ಹೊತ್ತಿಗಲ್ಲ. ನೀರು, ಔಷಧಿ ಯಾವಾಗ ಬೇಕಾದ್ರೂ ಆಯ್ತು. ಹಿಂದೆ ಮಧ್ಯರಾತ್ರಿಯಿಂದ ನೀರೂ ಇರ್ತಿರಲಿಲ್ಲ, 1953ರಲ್ಲಿ ನೀರಿಗೆ ಒಪ್ಪಿದ್ರು, 1957ರಲ್ಲಿ ಮೂರು ಗಂಟೆ ಅಂದ್ರು, 1964ರಿಂದ ಒಂದು ಗಂಟೆ. ಅಜ್ಜಿಯಂದಿರು ಪೂಜೇಲಿ ತಲೆ ತಿರುಗಿ ಬೀಳ್ತಿದ್ದ ಕಥೆಗಳು ಆ ಹಳೇ ಕಾಲದವು.

ಮಾಂಸದ ಪೀಸ್ ತೆಗೆದಿಟ್ಟು ಸಾರು ಮಾತ್ರ ಹಾಕ್ಕೋಬಹುದಾ? ವಕೀಲರ ಹಾಗೆ ವಾದ ಮಾಡಿದ್ರೆ ಗೆಲ್ಲಬಹುದು. ಮಾಡಬೇಡಿ.

ನಾವು ಹುಟ್ಟಿದಾಗಿಂದ ಸಸ್ಯಾಹಾರಿಗಳು, ಶುಕ್ರವಾರ ಏನು ಬಿಡೋದು? ನಿಮಗೆ ಬಿಡಕ್ಕೆ ಕಷ್ಟ ಆಗೋದು ಏನೋ ಅದು. ನನ್ನ ಗೆಸ್ ಕಾಫಿ. ಫೋನು ಕೂಡ ನಡೆಯುತ್ತೆ.

ಶುಭ ಶುಕ್ರವಾರ ಹಾರೋಬೆಲೆ ಕಪಾಲಬೆಟ್ಟ ಹತ್ತುವಾಗ ನೀರು ಕುಡಿದ್ರೆ ಉಪವಾಸ ಮುರಿಯುತ್ತಾ? ಮುರಿಯಲ್ಲ. ಬಿಸಿಲಲ್ಲಿ ಬೆಟ್ಟ ಹತ್ತೋರು ಬಾಟಲ್ ಹಿಡ್ಕೊಂಡೇ ಹೋಗಿ, ಉಪ್ಪು ಹಾಕಿದ ಮಜ್ಜಿಗೆ ಸಿಕ್ರೆ ಅದನ್ನೂ ಕುಡೀರಿ, ಪಕ್ಕದಲ್ಲಿ ಹತ್ತೋ ವಯಸ್ಸಾದವರಿಗೂ ಕೊಡಿ.

ಬೂದಿ ಬುಧವಾರ ನೈಟ್ ಡ್ಯೂಟಿ ಇದೆ, ಐಸಿಯುನಲ್ಲಿ, ಉಪವಾಸ ಮಾಡ್ಲಾ? ಕೈಯಲ್ಲಿ ಬೇರೆಯವರ ಜೀವ ಇರೋ ಕೆಲಸ. ತಲೆ ಸುತ್ತದೇ ಡ್ಯೂಟಿ ಮುಗಿಸೋಷ್ಟು ತಿನ್ನಮ್ಮ, ಮಾಂಸ ಬೇಡ, ಚಪಾತಿ ಪಲ್ಯ ಡಬ್ಬಿಗೆ ಹಾಕ್ಕೋ. ಡ್ರೈವರ್‌ಗಳಿಗೂ, ಗಾರೆ ಕೆಲಸದವರಿಗೂ ಇದೇ ಮಾತು. ಡ್ಯೂಟಿ ಇಲ್ಲದ ಇನ್ನೊಂದು ದಿನ ನಿನ್ನ ಉಪವಾಸ ಮಾಡ್ಕೋ.

ಮುಂದಿನ ಸಂಚಿಕೆಗೆ ಪಾಪ ನಿವೇದನೆ ಬಗ್ಗೆ ಪ್ರಶ್ನೆ ಕಳಿಸಿ. ಪಾಪ ಏನು ಅಂತ ಬರೀಬೇಡಿ, ಪ್ರಶ್ನೆ ಮಾತ್ರ.